ಮುಹೂರ್ತ ಮೊದಲು, ಅಡುಗೆ ಆಮೇಲೆ: ಜಾಂಗೋ ಮುಂದೆ ಸಾಗುವ ಬಗೆ

(ಬೆಂಗಳೂರಿನಲ್ಲಿ ಪೈಥಾನ್ ಬಳಸುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ನಂಬರಿನಿಂದ ಶುರು ಮಾಡುತ್ತೇನೆ: 373.

ಇದು ಜಾಂಗೋ ಯೋಜನೆಯ ಒಂದು ಟಿಕೆಟ್ ನಂಬರು. ಜಾಂಗೋ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್. ಟಿಕೆಟ್ ಅಂದರೆ ದೋಷ ಹೇಳಲು ಇಲ್ಲವೇ ಸೌಲಭ್ಯ ಕೇಳಲು ಅಲ್ಲಿ ಬರೆದಿಡುವ ಅರ್ಜಿ. ಈ 373ನ್ನು ತೆರೆದದ್ದು 2005ರಲ್ಲಿ. ಜಾಂಗೋವನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದೂ ಅದೇ ವರ್ಷದ ಜುಲೈನಲ್ಲಿ. ಟಿಕೆಟ್‌ನಲ್ಲಿ ಕೇಳಿದ ಸೌಲಭ್ಯ ನಮ್ಮ ಕೈಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ, 5.2 ಆವೃತ್ತಿಯ ಜೊತೆ. ಹತ್ತಿರ ಹತ್ತಿರ 20 ವರ್ಷ. ಆ ಟಿಕೆಟ್ ತೆರೆದಾಗ ಹುಟ್ಟಿದ ಮಗು ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಕೇಳುತ್ತಿರಬಹುದು.

ಈಗ ಇನ್ನೊಂದು ಲೆಕ್ಕ ನೋಡಿ. 2015ರ ಡಿಸೆಂಬರ್‌ನಲ್ಲಿ ಜಾಂಗೋ 1.9 ಬಂತು. 2025ರ ಡಿಸೆಂಬರ್‌ನಲ್ಲಿ 6.0 ಬಂತು. ಈ 10 ವರ್ಷದಲ್ಲಿ ಎರಡೂ ಸೇರಿ 16 ಆವೃತ್ತಿ. ಎಂಟು ತಿಂಗಳಿಗೆ ಒಂದು. ಡಿಸೆಂಬರ್, ಆಗಸ್ಟ್, ಏಪ್ರಿಲ್, ಮತ್ತೆ ಡಿಸೆಂಬರ್. ಹದಿನಾರೂ ಆಯಾ ತಿಂಗಳ ಮೊದಲ ವಾರದಲ್ಲೇ ಬಂದಿವೆ. ಕೊರೋನಾದಿಂದ ಲೋಕವೇ ಬಾಗಿಲು ಹಾಕಿಕೊಂಡಿದ್ದ 2020ರಲ್ಲೂ 3.1 ಆಗಸ್ಟ್ 4ಕ್ಕೆ ಬಂತು.

ಒಂದು ಟಿಕೆಟ್‌ಗೆ 20 ವರ್ಷ ತೆಗೆದುಕೊಂಡ ತಂಡವೇ 10 ವರ್ಷ ಒಂದು ವಾರವೂ ಆಚೀಚೆ ಆಗದ ಹಾಗೆ ಆವೃತ್ತಿ ಬಿಟ್ಟಿದೆ. ಇವೆರಡೂ ಒಂದೇ ಕಡೆ ಹೇಗೆ ಇರುತ್ತವೆ? ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಆಫೀಸುಗಳಲ್ಲಿ ಪ್ಲಾನಿಂಗ್ ಅಂದರೆ ಏನು? ಏನೇನು ಮಾಡಬೇಕು ಅಂತ ಪಟ್ಟಿ ಬರೆಯುತ್ತೇವೆ. ಯಾರು ಮಾಡಬೇಕು ಅಂತ ಹೆಸರು ಹಾಕುತ್ತೇವೆ. ಎಷ್ಟು ದಿನ ಬೇಕು ಅಂತ ಕೇಳುತ್ತೇವೆ. ಜಾಂಗೋದಲ್ಲಿ ಹೆಸರು ಹಾಕಲು ಯಾರೂ ಸಿಗುವುದಿಲ್ಲ. ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಕೂರುವವರು. ಅವರನ್ನು "ಯಾವಾಗ ಮುಗಿಸ್ತೀಯಪ್ಪಾ" ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ. ಈ ತಿಂಗಳು ಇದ್ದವರು ಮುಂದಿನ ತಿಂಗಳು ಕೆಲಸ ಬದಲಾಯಿಸಿ ಕಾಣೆಯಾಗಬಹುದು.

ಇಂಥ ಕಡೆ ಕೈಯಲ್ಲಿರುವುದು ಒಂದೇ, ದಿನಾಂಕ. ಮದುವೆ ಮನೆಯಲ್ಲಿ ಮುಹೂರ್ತ ಗೊತ್ತು ಮಾಡಿದ ಮೇಲೆ ಹೋಳಿಗೆ ಆಗಲಿಲ್ಲ ಅಂತ ತಾಳಿ ಕಟ್ಟುವುದನ್ನು ಮುಂದೆ ಹಾಕುತ್ತಾರಾ? ಆದಷ್ಟು ಅಡುಗೆ ಬಡಿಸುತ್ತಾರೆ. ಜಾಂಗೋ ತಂಡ ಈ ಮಾತನ್ನು ಒಪ್ಪಿಕೊಳ್ಳಲು 10 ವರ್ಷ ಹಿಡಿಯಿತು. ಆ 10 ವರ್ಷದ ಕಥೆ ಸ್ವಲ್ಪ ಹೇಳಬೇಕು.

ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನಲ್ಲಿ. ಅದೂ ಒಂದು ಪತ್ರಿಕಾ ಕಚೇರಿಯಲ್ಲಿ. ಪತ್ರಿಕೆಯ ಹೆಸರು ಲಾರೆನ್ಸ್ ಜರ್ನಲ್-ವರ್ಲ್ಡ್. 2003ರಲ್ಲಿ ಅಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಅದನ್ನು ಕಟ್ಟಲು ಶುರು ಮಾಡಿದರು. ಆಮೇಲೆ ಜೇಕಬ್ ಕಪ್ಲಾನ್-ಮಾಸ್ ಸೇರಿಕೊಂಡರು. ಬೆಳಗ್ಗೆ ಸುದ್ದಿ ಬಂದರೆ ಸಂಜೆಯೊಳಗೆ ಅದಕ್ಕೊಂದು ವೆಬ್ ಪುಟ ಬೇಕು. ಆ ಅವಸರದಲ್ಲಿ ಹುಟ್ಟಿದ ಫ್ರೇಮ್‌ವರ್ಕ್ ಇದು. ಗಡುವಿನ ಜೊತೆ ಬದುಕುವ ಅಚ್ಚುಕಟ್ಟುಗಾರರಿಗೆ ಅನ್ನುವುದೇ ಅದರ ಘೋಷವಾಕ್ಯ.

ಆದರೆ ತನ್ನ ಗಡುವಿನ ವಿಷಯದಲ್ಲಿ ಜಾಂಗೋ ಬೇಗ ಕಲಿಯಲಿಲ್ಲ. 0.96 ಆವೃತ್ತಿ 2007ರ ಮಾರ್ಚ್‌ನಲ್ಲಿ ಬಂತು. 1.0 ಬಂದದ್ದು 2008ರ ಸೆಪ್ಟೆಂಬರ್‌ನಲ್ಲಿ. ನಡುವೆ ಒಂದೂವರೆ ವರ್ಷ. ಯಾಕೆ? ಎರಡು ದೊಡ್ಡ ಕೆಲಸ ಮುಗಿಯಲೇಬೇಕು ಅಂತ ಹಟ. ಒಂದು, ಸೈಟಿನ ಮಾಹಿತಿಯನ್ನು ನೋಡಿ ತಿದ್ದುವ ಅಡ್ಮಿನ್ ಭಾಗವನ್ನು ಹೊಸ ಫಾರ್ಮ್‌ಗಳ ಮೇಲೆ ಮತ್ತೆ ಕಟ್ಟುವುದು. ಇನ್ನೊಂದು, ಡೇಟಾಬೇಸ್ ಪ್ರಶ್ನೆಗಳನ್ನು ತಯಾರಿಸುವ ಕ್ವೆರಿಸೆಟ್‌ನ ಹೊಟ್ಟೆಯೊಳಗಿನ ಕೋಡನ್ನು ಹೊಸದಾಗಿ ಬರೆಯುವುದು. ಈ ಎರಡನೆಯದನ್ನು ಬರೆದವರು ಆಸ್ಟ್ರೇಲಿಯಾದ ಮಾಲ್ಕಂ ಟ್ರೆಡಿನಿಕ್. 2013ರಲ್ಲಿ ತೀರಿಕೊಂಡರು. ಇವತ್ತು ನಾವು ಫಿಲ್ಟರ್‌ಗೆ ಫಿಲ್ಟರ್ ಜೋಡಿಸಿ ಬರೆಯುವ ಸಾಲುಗಳ ಕೆಳಗೆ ಅವರು ಹಾಕಿದ ಅಡಿಪಾಯ ಇದೆ. ಹೊಸಬರಿಗೆ ಆ ಹೆಸರು ಗೊತ್ತಿರುವುದಿಲ್ಲ, ಅದಕ್ಕೇ ಹೇಳಿದೆ.

ಆ ಒಂದೂವರೆ ವರ್ಷ ಜನ ಏನು ಮಾಡಿದರು? ಬಿಡುಗಡೆಯಾದ ಆವೃತ್ತಿ ಬಿಟ್ಟು, ದಿನಾ ಬದಲಾಗುತ್ತಿದ್ದ ಟ್ರಂಕ್ ಕೋಡನ್ನೇ ಸರ್ವರ್‌ಗೆ ಹಾಕಿಕೊಂಡರು. ರಾತ್ರಿ ಚೆನ್ನಾಗಿದ್ದ ಸೈಟ್ ಬೆಳಗ್ಗೆ ಅಪ್‌ಡೇಟ್ ಮಾಡಿದ ಕೂಡಲೇ ಬೀಳುವುದು. ಕೊನೆಗೆ 2008ರ ಮಧ್ಯದಲ್ಲಿ ತಂಡದವರು ಕೂತು ದಿನ ಗೊತ್ತು ಮಾಡಿದರು. ಕೆಲಸಗಳನ್ನು ಬೇಕೇ ಬೇಕಾದದ್ದು, ಆದರೆ ಆಗಲಿ ಅನ್ನುವಂಥದ್ದು ಅಂತ ವಿಂಗಡಿಸಿದರು. ಸೆಪ್ಟೆಂಬರ್ 3ಕ್ಕೆ 1.0 ಬಂತು. ಒಂದೂವರೆ ವರ್ಷ ಆಗದ್ದು ದಿನ ಗೊತ್ತಾದ ಮೇಲೆ ಕೆಲವೇ ತಿಂಗಳಲ್ಲಿ ಆಯಿತು.

ಪಾಠ ಅಲ್ಲಿಗೇ ಪೂರ್ತಿ ಹತ್ತಲಿಲ್ಲ. 1.7ರಲ್ಲಿ ಮತ್ತೆ ಅದೇ ಆಯಿತು. ಡೇಟಾಬೇಸ್ ಬದಲಾವಣೆಗಳನ್ನು ತಾನೇ ನಡೆಸುವ ಮೈಗ್ರೇಷನ್ ವ್ಯವಸ್ಥೆ ಆ ಆವೃತ್ತಿಯಲ್ಲಿ ಸೇರಬೇಕಿತ್ತು. ಅದಕ್ಕಾಗಿ ತಂಡದ ಆಂಡ್ರ್ಯೂ ಗಾಡ್ವಿನ್ 2013ರಲ್ಲಿ ಜನರಿಂದ ದುಡ್ಡು ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ 2,500 ಪೌಂಡ್ ಕೇಳಿದ್ದರು, ಜನ 17,000ಕ್ಕೂ ಜಾಸ್ತಿ ಕೊಟ್ಟಿದ್ದರು. ಅಷ್ಟು ಹಸಿವಿತ್ತು ಜನರಿಗೆ. ಅದರ ಜೊತೆಗೆ ಆ್ಯಪ್‌ಗಳನ್ನು, ಅಂದರೆ ಒಂದು ಸೈಟಿನ ಬೇರೆ ಬೇರೆ ಭಾಗಗಳನ್ನು, ಲೋಡ್ ಮಾಡುವ ಕ್ರಮವನ್ನೂ ಅದೇ ಆವೃತ್ತಿಯಲ್ಲಿ ಬದಲಿಸಿದರು. ಎರಡೂ ಬುಡಕ್ಕೆ ಕೈ ಹಾಕುವ ಕೆಲಸ. 2014ರ ಮಾರ್ಚ್‌ನಲ್ಲಿ ಬೀಟಾ, ಅಂದರೆ ಪರೀಕ್ಷೆಗೆ ಬಿಡುವ ಆವೃತ್ತಿ, ಬಂತು, ಫೈನಲ್ ಬರುವ ಹೊತ್ತಿಗೆ ಸೆಪ್ಟೆಂಬರ್ ಆಗಿತ್ತು. ಒಂದು ತೊಡಕು ಬಿಡಿಸಿದರೆ ಇನ್ನೊಂದು ಎದ್ದು ಬರುತ್ತಿತ್ತು. ಮೈಗ್ರೇಷನ್ ಸಿಕ್ಕಿದ್ದು ದೊಡ್ಡ ವರ. ಆದರೆ ಅದಕ್ಕಾಗಿ ಬೇರೆ ನೂರಾರು ಸಣ್ಣ ಸುಧಾರಣೆಗಳು ಸುಮ್ನೆ ಕಾದು ಕೂತವು.

ಆಮೇಲೆ ಎರಡು ತೀರ್ಮಾನ ಬಂದವು. ಜಾಂಗೋ ಇವತ್ತು ನಿಂತಿರುವುದು ಆ ಎರಡರ ಮೇಲೆ ಅಂತ ನನ್ನ ನಂಬಿಕೆ.

ಮೊದಲನೆಯದು 2014ರಲ್ಲಿ. ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಒಬ್ಬರಿಗೆ ಸಂಬಳ ಕೊಟ್ಟು ಇಟ್ಟುಕೊಂಡಿತು. ಆ ಹುದ್ದೆಗೆ ಫೆಲೋ ಅಂತ ಹೆಸರು. ಮೊದಲ ಫೆಲೋ ಟಿಮ್ ಗ್ರಹಾಂ. ಹೊಸ ಸೌಲಭ್ಯ ಬರೆಯುವುದು ಅವರ ಮುಖ್ಯ ಕೆಲಸವೇ ಆಗಿರಲಿಲ್ಲ. ಬಂದ ಟಿಕೆಟ್ ಓದುವುದು, ನಿಜವೋ ಅಲ್ಲವೋ ನೋಡುವುದು, ಬೇರೆಯವರು ಕಳಿಸಿದ ಪ್ಯಾಚ್, ಅಂದರೆ ಕೋಡಿನ ಬದಲಾವಣೆ, ತಿದ್ದುವುದು, ಭದ್ರತೆಯ ದೂರುಗಳನ್ನು ನೋಡಿಕೊಳ್ಳುವುದು, ದಿನ ಬಂದಾಗ ಆವೃತ್ತಿ ಬಿಡುವುದು. ದುಡ್ಡು ಇದ್ದರೆ ನಾವೆಲ್ಲ ಏನು ಮಾಡುತ್ತಿದ್ದೆವು? ಹೊಸದೇನಾದರೂ ಕಟ್ಟಿಸುತ್ತಿದ್ದೆವು, ಅಲ್ವಾ? ಅವರು ಅಂಗಳ ಗುಡಿಸುವ ಕೆಲಸಕ್ಕೆ ದುಡ್ಡು ಕೊಟ್ಟರು. ಆ ಕೆಲಸವನ್ನು ಯಾರೂ ಇಷ್ಟಪಟ್ಟು ರಾತ್ರಿ ಕೂತು ಮಾಡುವುದಿಲ್ಲ ಅಂತ ಅವರಿಗೆ ಗೊತ್ತಾಗಿತ್ತು.

ಎರಡನೆಯದು 2015ರಲ್ಲಿ. ಇನ್ನು ಮೇಲೆ ಎಂಟು ತಿಂಗಳಿಗೊಂದು ಆವೃತ್ತಿ ಅಂತ ನಿಯಮ ಮಾಡಿದರು. ಮೂರು ಆವೃತ್ತಿಗೆ ಒಂದು ಸಲ, ಅಂದರೆ ಎರಡು ವರ್ಷಕ್ಕೊಮ್ಮೆ, ದೀರ್ಘ ಬೆಂಬಲದ ಆವೃತ್ತಿ. ಅದಕ್ಕೆ ಮೂರು ವರ್ಷ ಭದ್ರತೆಯ ತಿದ್ದುಪಡಿ ಸಿಗುತ್ತದೆ. 2.2, 3.2, 4.2, 5.2 ಇವೆಲ್ಲ ಆ ಸಾಲಿನವು. ಚುಕ್ಕಿಯ ಆಚೆ 2 ಕಂಡರೆ ದೀರ್ಘ ಬೆಂಬಲ ಅಂತ ತಿಳಿದುಕೊಳ್ಳಿ.

ಈ ಎಂಟು ತಿಂಗಳ ಒಳಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಪರೀಕ್ಷೆಗೆ ಬಿಡುವ ಮೊದಲ ರೂಪವಾದ ಆಲ್ಫಾ ಬರುವ ದಿನ ಹೊಸ ಸೌಲಭ್ಯದ ಬಾಗಿಲು ಮುಚ್ಚುತ್ತದೆ. ಬೀಟಾ ದಿನದಿಂದ ಸಾಮಾನ್ಯ ದೋಷಗಳ ತಿದ್ದುಪಡಿಗೂ ಪ್ರವೇಶ ಇಲ್ಲ, ಬಿಡುಗಡೆಗೇ ಅಡ್ಡ ಬರುವ ದೋಷಕ್ಕೆ ಮಾತ್ರ. ಬಿಡುಗಡೆಗೆ ಎರಡು ವಾರ ಇರುವಾಗ ರಿಲೀಸ್ ಕ್ಯಾಂಡಿಡೇಟ್, ಅಂದರೆ ಬಿಡುಗಡೆಗೆ ಹೆಚ್ಚುಕಡಿಮೆ ತಯಾರಾದ ರೂಪ, ಬರುತ್ತದೆ. ಆಗ ಪರದೆಯ ಮೇಲೆ ಕಾಣುವ ವಾಕ್ಯಗಳೂ ಬೀಗ ಹಾಕಿದ ಹಾಗೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅದರಲ್ಲಿ ನಮಗೊಂದು ಕೆಲಸ ಇದೆ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು. ಆಲ್ಫಾ ಬಂದ ಹೊತ್ತಿಗೆ ಆ ಆವೃತ್ತಿಯ ಕೊಂಬೆ ಬೇರೆಯಾಗುತ್ತದೆ, ಮುಖ್ಯ ಕೋಡು ಮುಂದಿನ ಆವೃತ್ತಿಗೆ ತೆರೆದುಕೊಳ್ಳುತ್ತದೆ. ಅಂದರೆ ನಿಮ್ಮ ಪ್ಯಾಚ್ ಇವತ್ತು ತಪ್ಪಿಸಿಕೊಂಡರೂ ನಾಳೆ ಬೆಳಗ್ಗೆ ಅದನ್ನೇ ಮುಂದುವರಿಸಬಹುದು. ಎಂಟು ತಿಂಗಳು ತಡ, ಅಷ್ಟೇ. ಇದು ಗೊತ್ತಿದ್ದಾಗ ಯಾರೂ ಅರೆಬೆಂದದ್ದನ್ನು ಒಳಗೆ ತುರುಕಲು ಜಗಳ ಆಡುವುದಿಲ್ಲ. ಮುಂದಿನ ಬಿಡುಗಡೆ ಯಾವಾಗಲೋ ಗೊತ್ತಿಲ್ಲದ ಕಡೆ ಎಲ್ಲರೂ ಬಾಗಿಲಲ್ಲಿ ನೂಕುತ್ತಾರೆ. ಬಸ್ಸು ಅಪರೂಪವಾದ ಊರಿನ ನಿಲ್ದಾಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ 373ಕ್ಕೆ ಬರೋಣ.

ಬಸ್ ಟಿಕೆಟ್ ಬುಕಿಂಗ್ ಸೈಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಸೀಟ್ ನಂಬರ್ 14 ಅಂದರೆ ಯಾವ ಸೀಟು? ಎಲ್ಲ ಬಸ್ಸಿನಲ್ಲೂ 14 ಇದೆ. ಬಸ್ಸಿನ ನಂಬರು, ದಿನಾಂಕ, ಸೀಟು, ಈ ಮೂರೂ ಸೇರಿದರೆ ಮಾತ್ರ ಗುರುತು ಒಂದೇ ಆಗುತ್ತದೆ. ಡೇಟಾಬೇಸ್‌ನಲ್ಲಿ ಇದಕ್ಕೆ ಕಾಂಪೋಸಿಟ್ ಪ್ರೈಮರಿ ಕೀ ಅನ್ನುತ್ತಾರೆ. ಹಲವು ಕಾಲಮ್ ಸೇರಿ ಒಂದು ಗುರುತು. ಡೇಟಾಬೇಸ್‌ಗಳಿಗೆ ಇದು ಹಳೇ ವಿದ್ಯೆ. ಜಾಂಗೋಗೆ ಬರುತ್ತಿರಲಿಲ್ಲ. ಪ್ರತಿ ಟೇಬಲ್‌ಗೂ ಒಂದೇ ಕಾಲಮ್‌ನ ಗುರುತು ಇರಬೇಕು ಅಂತ ಅದರ ಪಟ್ಟು. ನಾವೆಲ್ಲ ಸುಮ್ನೆ ಒಂದು ಐಡಿ ಕಾಲಮ್ ಹಾಕಿ, ಮೂರು ಕಾಲಮ್ ಜೊತೆಯಾಗಿ ಮರುಕಳಿಸಬಾರದು ಅಂತ ಒಂದು ನಿಯಮ ಸೇರಿಸಿ ಬದುಕಿದೆವು. ಹೊಸ ಸೈಟಿಗೆ ಅದು ಸಾಕು. ಆದರೆ ಬೇರೆ ಯಾರೋ ಮೊದಲೇ ಕಟ್ಟಿಟ್ಟ ಹಳೇ ಡೇಟಾಬೇಸ್ ಮೇಲೆ ಜಾಂಗೋ ಕೂರಿಸುವವರಿಗೆ ದಾರಿಯೇ ಇರಲಿಲ್ಲ.

ಯಾಕೆ 20 ವರ್ಷ? ಸೋಮಾರಿತನ ಅಂತ ಅಂದುಕೊಳ್ಳಬೇಡಿ. ಗುರುತು ಅಂದರೆ ಒಂದೇ ಬೆಲೆ ಅನ್ನುವ ನಂಬಿಕೆ ಜಾಂಗೋದ ಮೂಲೆ ಮೂಲೆಯಲ್ಲೂ ಕೂತಿತ್ತು. ಅಡ್ಮಿನ್ ಪುಟದ ವಿಳಾಸದಲ್ಲಿ ಒಂದೇ ಗುರುತು. ಇನ್ನೊಂದು ಟೇಬಲ್‌ಗೆ ಬೊಟ್ಟು ತೋರಿಸುವ ಫಾರಿನ್ ಕೀಯಲ್ಲಿ ಒಂದೇ ಕಾಲಮ್. ಒಂದು ಕಡೆ ಬದಲಿಸಿದರೆ ಹತ್ತು ಕಡೆ ಬೀಳುತ್ತಿತ್ತು. ಹಲವರು ಕೈ ಹಾಕಿದರು. ಹೊಸಬರಿಗೆ ದುಡ್ಡು ಕೊಟ್ಟು ಇಂಥ ಯೋಜನೆಗಳಿಗೆ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲೂ ಪ್ರಯತ್ನ ಆಯಿತು. ಎಲ್ಲರೂ ಪೂರ್ತಿ ಪರಿಹಾರ ಮಾಡಲು ಹೊರಟವರು. ಬೆಟ್ಟದಷ್ಟು ದೊಡ್ಡ ಪ್ಯಾಚ್ ಆಗುತ್ತಿತ್ತು. ಅದನ್ನು ಓದಿ ಸರಿ ಅನ್ನಲು ಯಾರಿಗೆ ಪುರುಸೊತ್ತು? ಓದುವವರಿಲ್ಲದೆ ಪ್ಯಾಚ್ ಹಳಸುತ್ತಿತ್ತು. ಅಷ್ಟರಲ್ಲಿ ಬರೆದವರು ಬೇರೆ ಕೆಲಸಕ್ಕೆ ಹೋಗಿರುತ್ತಿದ್ದರು.

ಕೊನೆಗೆ ಆದದ್ದು ಹೇಗೆ ಅಂದರೆ, ಕೆಲಸವನ್ನು ಓದುವವರ ಕೈಗೆ ಹಿಡಿಯುವಷ್ಟು ತುಂಡು ಮಾಡಿದಾಗ. 2024ರಲ್ಲಿ ಮೊದಲು ಹಲವು ಕಾಲಮ್‌ಗಳನ್ನು ಒಟ್ಟಿಗೆ ಹೋಲಿಸುವ ಒಳಭಾಗವನ್ನು ಮಾತ್ರ ಸೇರಿಸಿದರು. ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ಆಮೇಲೆ ಅದರ ಮೇಲೆ ಗುರುತನ್ನು ಕೂರಿಸಿದರು. 5.2ರಲ್ಲಿ ಬಂದದ್ದು ಪೂರ್ತಿ ಅಲ್ಲವೇ ಅಲ್ಲ. ಅಂಥ ಮಾಡೆಲನ್ನು, ಅಂದರೆ ಜಾಂಗೋ ಕೋಡಿನಲ್ಲಿ ಟೇಬಲ್‌ನ ವಿವರಣೆಯನ್ನು, ಅಡ್ಮಿನ್‌ಗೆ ಸೇರಿಸಲು ಬರುವುದಿಲ್ಲ. ಅದಕ್ಕೆ ಫಾರಿನ್ ಕೀ ಬೊಟ್ಟು ಮಾಡಲು ಆಗುವುದಿಲ್ಲ. ಇದ್ದ ಟೇಬಲ್‌ನ ಗುರುತನ್ನು ಮೈಗ್ರೇಷನ್‌ನಿಂದ ಹೀಗೆ ಬದಲಿಸಲೂ ಆಗುವುದಿಲ್ಲ. ಇಷ್ಟನ್ನೂ ದಾಖಲೆಯಲ್ಲೇ ನೇರವಾಗಿ ಬರೆದರು. ಬರೆದು, ಟಿಕೆಟ್ ಮುಚ್ಚಿದರು.

ಇದನ್ನು ಅರ್ಧಂಬರ್ಧ ಕೆಲಸ ಅಂತ ಗೊಣಗಿದವರನ್ನು ನಾನು ಕಂಡಿದ್ದೇನೆ. ನಾನು ಹಾಗೆ ನೋಡುವುದಿಲ್ಲ. 20 ವರ್ಷ ಪೂರ್ತಿ ಪರಿಹಾರಕ್ಕೆ ಕಾದದ್ದರಿಂದ ಸಿಕ್ಕಿದ್ದು ಏನೂ ಇಲ್ಲ. ಈಗ ನೆಲದಲ್ಲಿ ಒಂದು ಗೂಟ ಇದೆ. ಮುಂದಿನವರು ಅಲ್ಲಿಂದ ಹಗ್ಗ ಎಳೆಯಬಹುದು.

6.0ರಲ್ಲೂ ಹೀಗೇ ಆಯಿತು. ಇಮೇಲ್ ಕಳಿಸುವಂಥ ಕೆಲಸಗಳನ್ನು ಹಿನ್ನೆಲೆಗೆ ತಳ್ಳುವ ಟಾಸ್ಕ್ ವ್ಯವಸ್ಥೆ ಬಂತು. ಆದರೆ ಆ ಕೆಲಸಗಳನ್ನು ನಿಜವಾಗಿ ನಡೆಸುವ ವರ್ಕರ್ ಅದರಲ್ಲಿ ಇಲ್ಲ, ಹೊರಗಿನಿಂದ ತರಬೇಕು. ಜಾಂಗೋ ಕೊಟ್ಟದ್ದು ಎಲ್ಲರೂ ಒಪ್ಪಿ ಬಳಸಬಹುದಾದ ಒಂದು ಸಾಮಾನ್ಯ ಒಪ್ಪಂದವನ್ನು. ಒಂದು ಕೆಲಸ ಮುಗಿಯುವ ತನಕ ಕಾಯದೆ ಇನ್ನೊಂದನ್ನು ನಡೆಸುವ ಅಸಿಂಕ್ ಕಥೆಯೂ ಅದೇ ರೀತಿ: 2019ರಲ್ಲಿ ಯೋಜನೆ ಬರೆದರು, 3.0ರಲ್ಲಿ ಸರ್ವರ್ ಮಟ್ಟ, 3.1ರಲ್ಲಿ ಪುಟಕ್ಕೆ ಉತ್ತರ ತಯಾರಿಸುವ ವ್ಯೂಗಳು, 4.1ರಲ್ಲಿ ಕ್ವೆರಿಗಳ ಹೊರಮೈ. ಹಲವು ಬದಲಾವಣೆಗಳನ್ನು ಒಂದೇ ಕಂತಾಗಿ ಡೇಟಾಬೇಸ್‌ಗೆ ಸೇರಿಸುವ ಟ್ರಾನ್ಸಾಕ್ಷನ್‌ಗಳು ಇನ್ನೂ ಅಸಿಂಕ್ ಆಗಿಲ್ಲ.

ಪ್ಲಾನಿಂಗ್‌ನಲ್ಲಿ ಸೇರಿಸುವುದರಷ್ಟೇ ಮುಖ್ಯವಾದದ್ದು ತೆಗೆಯುವುದು. ಹಳೇ ಪ್ರಾಜೆಕ್ಟುಗಳಲ್ಲಿ ನಾವು ಒದ್ದಾಡುವುದು ಅಲ್ಲೇ. ಜಾಂಗೋ ಏನನ್ನಾದರೂ ತೆಗೆಯುವ ಮೊದಲು ಕನಿಷ್ಠ ಎರಡು ಆವೃತ್ತಿಯಷ್ಟು ಕಾಲ ಎಚ್ಚರಿಕೆ ಕೊಡುತ್ತದೆ. ವಿಳಾಸಗಳನ್ನು ಬರೆಯುವ ಹಳೇ ಯುಆರ್‌ಎಲ್ ಫಂಕ್ಷನ್ ನೆನಪಿದೆಯಾ? ಅದರ ಬದಲಿಗೆ ಪಾತ್ ಅನ್ನುವ ಹೊಸ ಫಂಕ್ಷನ್ ಬಂದದ್ದು 2.0ರಲ್ಲಿ, 2017ರ ಡಿಸೆಂಬರ್‌ನಲ್ಲಿ. ಹಳೆಯದಕ್ಕೆ ಎಚ್ಚರಿಕೆ ಶುರುವಾದದ್ದು 3.1ರಲ್ಲಿ. ತೆಗೆದದ್ದು 4.0ರಲ್ಲಿ, 2021ರ ಡಿಸೆಂಬರ್‌ನಲ್ಲಿ. ನಾಲ್ಕು ವರ್ಷ ಸಮಯ ಕೊಟ್ಟರು.

ಆದರೂ ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ 4.0ಕ್ಕೆ ಏರಿದ ದಿನ ಸೈಟ್ ಮೇಲೇಳಲೇ ಇಲ್ಲ. ಎಚ್ಚರಿಕೆ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಪೈಥಾನ್ ಅಂಥ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತಾನಾಗಿ ತೋರಿಸುವುದಿಲ್ಲ, ಕೇಳಿದರೆ ತೋರಿಸುತ್ತದೆ. ನಾವು ಕೇಳಿರಲಿಲ್ಲ. ಅವತ್ತು ರಾತ್ರಿ 11ರ ತನಕ ಕೂತು ಒಂದೊಂದೇ ಫೈಲ್ ತೆರೆದು ತಿದ್ದಿದೆವು. ಅದಾದ ಮೇಲೆ ನಾನು ಎಲ್ಲಿ ಹೋದರೂ ಮೊದಲು ಮಾಡುವ ಕೆಲಸ, ಟೆಸ್ಟ್ ಓಡಿಸುವಾಗ ಎಚ್ಚರಿಕೆಗಳನ್ನು ದೋಷ ಅಂತಲೇ ಎಣಿಸುವ ಹಾಗೆ ಹೊಂದಿಸುವುದು. ಆಮೇಲೆ ಕ್ಯಾಲೆಂಡರ್‌ನಲ್ಲಿ ಜಾಂಗೋದ ದಿನಾಂಕಗಳನ್ನು ಗುರುತು ಹಾಕುವುದು. ಅವರ ಯೋಜನೆ ನಮ್ಮ ಯೋಜನೆಯೂ ಆಗಬೇಕು. 5.2ಕ್ಕೆ 2028ರ ಏಪ್ರಿಲ್ ತನಕ ಬೆಂಬಲ ಇದೆ. ಮುಂದಿನ ದೀರ್ಘ ಬೆಂಬಲದ 6.2 ಬರುವುದು 2027ರ ಏಪ್ರಿಲ್‌ಗೆ ಅಂತ ಬರೆದಿಟ್ಟಿದ್ದಾರೆ. ನಡುವೆ ಒಂದು ವರ್ಷ ಸಿಗುತ್ತದೆ. ನಿಮ್ಮ ಮ್ಯಾನೇಜರ್‌ಗೆ ಇವತ್ತೇ ತೋರಿಸಬಹುದಾದ ಲೆಕ್ಕ ಅದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು: "ನಾನು ಏನಾದರೂ ಮಾಡಬೇಕು, ಯಾವ ಫೀಚರ್ ಬರೆಯಲಿ?"

ಬರೆಯುವುದಕ್ಕಿಂತ ಮೊದಲು ಓದಿ ಅಂದೆ. ಒಂದು ಪ್ಯಾಚ್ ಒಳಗೆ ಹೋಗಬೇಕಾದರೆ ಬರೆದವರಲ್ಲದೆ ಇನ್ನೊಬ್ಬರು ಓದಿ, ಓಡಿಸಿ ನೋಡಿ, ಸೇರಿಸಲು ತಯಾರು ಅಂತ ಗುರುತು ಹಾಕಬೇಕು. ಬರೆಯುವವರು ಬೇಕಾದಷ್ಟು ಇದ್ದಾರೆ. ಓದುವವರು ಕಡಿಮೆ. ನನ್ನ ಮೊದಲ ಪ್ಯಾಚ್ ಮೂರೇ ಸಾಲು. ಟೆಸ್ಟ್ ಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸಿದರು. ಮೂರು ಸಾಲಿಗೆ ಟೆಸ್ಟಾ ಅಂತ ಬೇಜಾರಾಯಿತು. ಬರೆಯಲು ಕೂತಾಗ ಗೊತ್ತಾಯಿತು, ಖಾಲಿ ಪಟ್ಟಿ ಕೊಟ್ಟರೆ ನನ್ನ ತಿದ್ದುಪಡಿಯೇ ಬೀಳುತ್ತಿತ್ತು. ಯಾರೋ ಒಬ್ಬರು, ನನ್ನ ಮುಖ ನೋಡದವರು, ಅವರ ಸಂಜೆಯ ಅರ್ಧ ಗಂಟೆ ಅದಕ್ಕೆ ಕೊಟ್ಟಿದ್ದರು. ಹಾಗಾಗಿ ಪ್ಯಾಚ್ ಇದ್ದೂ ಯಾರೂ ನೋಡದ ಒಂದು ಟಿಕೆಟ್ ಹುಡುಕಿ. ದೋಷ ನಿಮ್ಮ ಕಂಪ್ಯೂಟರ್‌ನಲ್ಲಿ ಬರುತ್ತದಾ ನೋಡಿ. ಬಂದರೆ ಯಾವ ಆವೃತ್ತಿ, ಯಾವ ಡೇಟಾಬೇಸ್ ಅಂತ ಬರೆಯಿರಿ. ಬರದಿದ್ದರೆ ಅದನ್ನೂ ಬರೆಯಿರಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಕನ್ನಡದಲ್ಲಿ ಮಾಡುವಂಥದ್ದು ಏನಾದರೂ ಇದೆಯಾ?"

ವಾಕ್ಯಗಳಿಗೆ ಬೀಗ ಹಾಕುತ್ತಾರೆ ಅಂದೆನಲ್ಲ, ಅದು ಅನುವಾದಕರಿಗಾಗಿ. ಆ ಎರಡು ವಾರದಲ್ಲಿ ವಾಕ್ಯಗಳು ಬದಲಾಗುವುದಿಲ್ಲ, ನೆಮ್ಮದಿಯಾಗಿ ಅನುವಾದ ಮಾಡಬಹುದು. ಜಾಂಗೋದ ಕೋಡ್ ಒಳಗೆ ಕನ್ನಡಕ್ಕೆ ಅಂತ ಒಂದು ಫೋಲ್ಡರ್ ಇದೆ. ತುಂಬಾ ವರ್ಷದಿಂದ ಇದೆ. ಅಡ್ಮಿನ್‌ನ ಭಾಷೆ ಕನ್ನಡಕ್ಕೆ ಹೊಂದಿಸಿದರೆ ಅರ್ಧ ಪರದೆ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷ್‌ನಲ್ಲಿ ಕಾಣುತ್ತದೆ. ಹಲವು ಸಾಲುಗಳ ಎದುರು ಜಾಗ ಇನ್ನೂ ಖಾಲಿ. ತುಂಬುವುದು ಟ್ರಾನ್ಸಿಫೆಕ್ಸ್ ಅನ್ನುವ ತಾಣದಲ್ಲಿ, ಅದಕ್ಕೆ ಕೋಡ್ ಬರೆಯಲು ಬರಬೇಕಂತಲೂ ಇಲ್ಲ. ಪಾಸ್‌ವರ್ಡ್ ತೀರಾ ಚಿಕ್ಕದಾಯಿತು ಅನ್ನುವುದನ್ನು ಮನೆಮಾತಿನಂಥ ಕನ್ನಡದಲ್ಲಿ ಹೇಗೆ ಹೇಳಬೇಕು ಅಂತ ನಿಮಗೆ ಗೊತ್ತಿದ್ದರೆ ಸಾಕು.

6.1 ಬರಬೇಕಾದದ್ದು 2026ರ ಆಗಸ್ಟ್‌ನಲ್ಲಿ. ಬೀಗ ಬೀಳುವುದು ಜುಲೈ ಕೊನೆಯ ಹೊತ್ತಿಗೆ. ಆ ಹುಡುಗಿ ಅಲ್ಲೇ ಫೋನ್ ತೆಗೆದು ದಿನಾಂಕ ಬರೆದುಕೊಂಡಳು. ಸಭೆ ಮುಗಿದ ಮೇಲೆ ನಾಲ್ಕು ಜನ ಲ್ಯಾಪ್‌ಟಾಪ್ ಸುತ್ತ ನಿಂತು, ಖಾಲಿ ಇದ್ದ ಮೊದಲ ಸಾಲಿಗೆ ಯಾವ ಪದ ಹಾಕಬೇಕು ಅಂತ ವಾದ ಮಾಡುತ್ತಿದ್ದರು.